ತಂತಿ ಮುಗಿದ ಮೇಲೂ ಓಡುವ ಟ್ರಾಮ್: ನಾರ್ಡ್‌ಹೌಸೆನ್‌ನ 10ನೇ ನಂಬರ್

ಜರ್ಮನಿಯ ಹಾರ್ಜ್ ಬೆಟ್ಟಗಳ ದಕ್ಷಿಣ ಬುಡದಲ್ಲಿರುವ ನಾರ್ಡ್‌ಹೌಸೆನ್‌ನಲ್ಲಿ 10ನೇ ನಂಬರಿನ ಟ್ರಾಮ್ ಊರಿನ ಆಸ್ಪತ್ರೆಯಿಂದ ಹೊರಟು ಇಲ್ಫೆಲ್ಡ್ ಹಳ್ಳಿಯ ಇನ್ನೊಂದು ಆಸ್ಪತ್ರೆಯ ಬಳಿ ನಿಲ್ಲುತ್ತದೆ. ನಡುವೆ ಸುಮಾರು 11 ಕಿ.ಮೀ. ದಾರಿ ಟ್ರಾಮಿನದಲ್ಲ, ಉಗಿಬಂಡಿಗಳೂ ಓಡಾಡುವ ರೈಲಿನದು.

ಬೆಟ್ಟ ದಾಟಿ ವೆರ್ನಿಗೆರೋಡೆಗೆ ಹೋಗುವ ಆ ರೈಲುದಾರಿ ಪೂರ್ತಿಯಾದದ್ದು 1899ರಲ್ಲಿ. ಟ್ರಾಮ್ ಬಂದದ್ದು 1900ರಲ್ಲಿ. ಎರಡರ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1000 ಮಿ.ಮೀ., ಎರಡೂ ಬರುವುದು ರೈಲು ನಿಲ್ದಾಣದ ಮುಂದಕ್ಕೇ. ಆದರೂ ಎರಡು ಯುದ್ಧ, 1945ರ ಬಾಂಬ್ ದಾಳಿ, ಪೂರ್ವ ಜರ್ಮನಿಯ ನಾಲ್ಕು ದಶಕ ಕಳೆಯುವವರೆಗೂ ಒಂದು ಇನ್ನೊಂದನ್ನು ಮುಟ್ಟಲಿಲ್ಲ. 1993ರಲ್ಲಿ ರೈಲು ಸರ್ಕಾರಿ ಇಲಾಖೆಯ ಕೈಯಿಂದ ಸ್ಥಳೀಯ ಜಿಲ್ಲೆ, ಪಟ್ಟಣಗಳ ಪಾಲಿರುವ ಕಂಪನಿಗೆ ಬಂದ ಮೇಲೆ ಜೋಡಣೆಯ ಮಾತು ಗಟ್ಟಿಯಾಯಿತು. ಮೇ 2004ರಲ್ಲಿ ಸೇವೆ ಶುರುವಾಯಿತು.

ಜರ್ಮನಿಯದೇ ಕಾರ್ಲ್ಸ್‌ರುಹೆಯಲ್ಲಿ ಇದೇ ಕೆಲಸಕ್ಕೆ ಆಲ್ಬ್ ಕಣಿವೆಯ ಮೀಟರ್ ಗೇಜ್ ಹಳಿ ಕಿತ್ತು ಅಗಲ ಮಾಡಬೇಕಾಯಿತು. ಜ್ವಿಕಾವ್‌ನಲ್ಲಿ ಟ್ರಾಮ್ ಹಳಿಯ ಪಕ್ಕಕ್ಕೆ ಮೂರನೇ ಹಳಿ ಹಾಕಿದರು. ಇಲ್ಲಿ ಅದು ಯಾವುದೂ ಬೇಡವಾಯಿತು. ಹಾಗಂತ ಗೇಜ್ ಒಂದೇ ಆದರೆ ಎಲ್ಲವೂ ಒಂದೇ ಎಂದಲ್ಲ. ಟ್ರಾಮಿನ ಚಕ್ರದ ಅಗಲ ಕಿರಿದು, ಚಕ್ರ ಹಳಿಯಿಂದ ಜಾರದಂತೆ ತಡೆಯುವ ಅಂಚು, ಅಂದರೆ ಫ್ಲಾಂಜ್, ತೆಳು. ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ರೈಲಿನ ಪಾಯಿಂಟ್ಸ್‌ನಲ್ಲಿ ಹಳಿ ಹಳಿಯನ್ನು ದಾಟುವ ಕಡೆ ಸಂದು ಅಗಲ. ಅಳತೆ ಹೊಂದಿಸದೆ ಬಿಟ್ಟರೆ ಕಿರಿದಾದ ಚಕ್ರ ಆ ಸಂದಿನಲ್ಲಿ ಕುಸಿದು ಹಳಿಯ ಮೂಗನ್ನು ಗುದ್ದುತ್ತದೆ. ತಿರುಗಾಮುರುಗಾ ಮಾಡಿದರೆ, ರೈಲಿನ ದಪ್ಪ ಫ್ಲಾಂಜ್ ರಸ್ತೆಯಲ್ಲಿ ಹೂತ ಹಳಿಯ ತೋಡಿಗೆ ಇಳಿಯದೆ ಮೇಲೇರುತ್ತದೆ. ಇದರ ಮೇಲೆ ರಸ್ತೆಗೊಂದು ಕಾನೂನು, ರೈಲಿಗೊಂದು ಕಾನೂನು. ಒಂದೇ ಗಾಡಿ ಎರಡಕ್ಕೂ ಲೆಕ್ಕ ಒಪ್ಪಿಸಬೇಕು.

ಟ್ರಾಮಿಗೆ ಕರೆಂಟ್ ಕೊಡುವ ತಂತಿ ರೈಲುದಾರಿಯ ಮೇಲಿಲ್ಲ. ಆ ಸಮಸ್ಯೆಯನ್ನು ಬಗೆಹರಿಸಿದ ರೀತಿಯೇ ನಿಜವಾದ ಗಂಟು. 11 ಕಿ.ಮೀ.ಗೆ ತಂತಿ ಎಳೆಯುವ ಬದಲು ತಂತಿಯ ಕರೆಂಟಿನಲ್ಲೂ ಡೀಸೆಲ್‌ನಲ್ಲೂ ಓಡುವ ಮೂರು ಕಾಂಬಿನೊ ಡುವೊ ಗಾಡಿಗಳನ್ನು ಮಾಡಿಸಿದರು. ನಿಲ್ದಾಣದ ಮುಂದೆ ಚಾಲಕ ತಂತಿಯಿಂದ ಕರೆಂಟ್ ಪಡೆಯುವ ಪ್ಯಾಂಟೋಗ್ರಾಫನ್ನು ಇಳಿಸುತ್ತಾನೆ, ಕಾರಿಗೆಂದು ತಯಾರಾದ 8 ಸಿಲಿಂಡರಿನ ಡೀಸೆಲ್ ಎಂಜಿನ್ ಜನರೇಟರ್ ತಿರುಗಿಸತೊಡಗುತ್ತದೆ. ಚಕ್ರ ಉರುಳಿಸುವುದು ಆಗಲೂ ವಿದ್ಯುತ್ ಮೋಟಾರೇ, ಆದರೆ ತಂತಿಯಡಿ ಇದ್ದ ಜೋರು ಇರುವುದಿಲ್ಲ.

ಹಳಿಯ ಬದಿಯಲ್ಲಿ ಉಳಿಸಿದ ಹಣ ಹೀಗೆ ಗಾಡಿಯ ತಲೆಗೆ ಬಂತು. ಈ ಮಾದರಿಯನ್ನು ಬೇರೆ ಯಾವ ಊರೂ ಕೊಳ್ಳಲಿಲ್ಲ, ಆದ್ದರಿಂದ ಬಿಡಿಭಾಗಕ್ಕೂ ಅನುಭವಕ್ಕೂ ಕೇಳಲು ನೆರೆಮನೆಯಿಲ್ಲ. ಒಂದು ತಪಾಸಣೆಗೆ, ಇನ್ನೊಂದು ರಿಪೇರಿಗೆ ನಿಂತ ದಿನ ಉಳಿಯುವುದು ಒಂದೇ. ಮಾಮೂಲಿ ಟ್ರಾಮನ್ನೇ ಕಳಿಸೋಣವೆಂದರೆ ನಿಲ್ದಾಣದಾಚೆ ತಂತಿಯಿಲ್ಲ.