ಡೀಸೆಲ್ ಕಾರಿನ ಬೆಲ್ಟ್ ಕಿರುಚ್ತಿದ್ಯಾ? ಹೊಸದು ತರೋ ಮುಂಚೆ ಟೆನ್ಷನರ್ ನೋಡಿ

ಮಳೆಗಾಲ ಶುರುವಾಯ್ತು ಅಂದ್ರೆ ಗ್ಯಾರೇಜಿಗೆ ಈ ಕಂಪ್ಲೇಂಟ್ ಜಾಸ್ತಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕುಂಯ್ ಅಂತ ಕಿರುಚುತ್ತೆ, ಎರಡು ನಿಮಿಷಕ್ಕೆ ಸುಮ್ನಾಗುತ್ತೆ, ಆಮೇಲೆ ಎಸಿ ಹಾಕಿದ್ರೆ ಮತ್ತೆ ಶುರು. ಗಾಡಿಯವ್ರು "ಫ್ಯಾನ್ ಬೆಲ್ಟ್ ಹೋಗಿದೆ, ಹೊಸದು ಹಾಕ್ಬಿಡಿ ಅಣ್ಣ" ಅಂತ ತೀರ್ಮಾನ ಮಾಡ್ಕೊಂಡೇ ಬಂದಿರ್ತಾರೆ. ಹಾಕಿದ್ರೆ ಸೌಂಡು ಹೋಗುತ್ತೆ, ಸುಳ್ಳಲ್ಲ. ಆದ್ರೆ ಸ್ವಲ್ಪ ದಿನಕ್ಕೆ ಅದೇ ರಾಗ, ಯಾಕಂದ್ರೆ ಕಿರುಚಿದ್ದು ಬೆಲ್ಟೇ ಆದ್ರೂ ಬಹಳ ಸಲ ತಪ್ಪು ಅದು ಸುತ್ಕೊಂಡಿರೋ ಇನ್ಯಾವ್ದೋ ಚಕ್ರದ್ದು, ಅಂದ್ರೆ ಪುಲ್ಲಿದು.

ಡೀಸೆಲ್ಲಲ್ಲಿ ಇದು ಪೆಟ್ರೋಲ್‌ಗಿಂತ ಹೆಚ್ಚು. ಡೀಸೆಲ್ ಇಂಜಿನ್ನಲ್ಲಿ ಒಂದೊಂದು ಸಿಲಿಂಡರ್ ಫೈರ್ ಆದಾಗ್ಲೂ ಬೆಲ್ಟನ್ನ ಓಡಿಸೋ ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ಶಾಫ್ಟ್) ಜೋರಾಗಿ ಮುಂದಕ್ಕೆ ಎಳೆದು ಮತ್ತೆ ನಿಧಾನ ಆಗುತ್ತೆ, ಐಡ್ಲಿಂಗಲ್ಲಿ ಈ ಎಳೆದಾಟ ಇನ್ನೂ ಜಾಸ್ತಿ, ಆದ್ರೆ ಬೆಲ್ಟಿಂದ ತಿರುಗಿ ಕರೆಂಟ್ ಮಾಡೋ ಆಲ್ಟರ್ನೇಟರ್ ಒಳಗಿರೋ ಭಾರದ ರೋಟರ್ ಕ್ರ್ಯಾಂಕ್‌ಗಿಂತ ಎರಡ್ಮೂರು ಪಟ್ಟು ಸ್ಪೀಡಲ್ಲಿ ತಿರುಗ್ತಿರುತ್ತೆ, ಅದು ಅಷ್ಟು ಬೇಗ ನಿಧಾನ ಆಗಲ್ಲ. ಈ ಜಗ್ಗಾಟ ತಡೆಯೋಕೆ ಅಂತನೇ ಕ್ರ್ಯಾಂಕ್ ಪುಲ್ಲಿಲಿ ರಬ್ಬರ್ ಇಟ್ಟಿರ್ತಾರೆ, ಬೆಲ್ಟನ್ನ ಬಿಗಿಯಾಗಿ ಹಿಡಿಯೋ ಸ್ಪ್ರಿಂಗ್ ಟೆನ್ಷನರ್ ಕೊಟ್ಟಿರ್ತಾರೆ, ಸುಮಾರು ಗಾಡಿಗಳಲ್ಲಿ ಆಲ್ಟರ್ನೇಟರಿಗೆ ಒಂದೇ ಕಡೆ ಹಿಡಿಯೋ ಕ್ಲಚ್ ಪುಲ್ಲಿನೂ ಇರುತ್ತೆ. ಇದ್ರಲ್ಲಿ ಒಂದು ಸತ್ರೂ ಏಟೆಲ್ಲಾ ಬೆಲ್ಟಿಗೆ.

ಅದಕ್ಕೇ ನಾನು ಪಾನಾ ಕೈಗೆ ತಗೊಳೋ ಮುಂಚೆ ಬಾನೆಟ್ ಎತ್ತಿ, ಐಡ್ಲಿಂಗಲ್ಲಿ ಬಿಟ್ಟು, ಟಾರ್ಚ್ ಹಾಕಿ ಟೆನ್ಷನರ್ ಆರ್ಮ್ ನೋಡೋದು. ಸಣ್ಣಗೆ ನಡುಗ್ತಿದ್ರೆ ಪರವಾಗಿಲ್ಲ. ಕಣ್ಣಿಗೆ ಕಾಣೋ ಹಾಗೆ ಕುಣೀತಿದ್ರೆ, ಬೆಲ್ಟ್ ಪಟಪಟ ಬಡ್ಕೋತಿದ್ರೆ, ಮೊದಲ ಅನುಮಾನ ಆಲ್ಟರ್ನೇಟರ್ ಪುಲ್ಲಿ ಮೇಲೆ. ಗಾಡಿ ಆಫ್ ಮಾಡಿ, ಬೆಲ್ಟ್ ಬಿಚ್ಚಿ, ರೋಟರ್ ಅಲ್ಲಾಡದ ಹಾಗೆ ಹಿಡ್ಕೊಂಡು ಪುಲ್ಲಿನ ಕೈಯಲ್ಲಿ ತಿರುಗಿಸಿ. ಒಂದು ಕಡೆ ಹಿಡೀಬೇಕು, ಇನ್ನೊಂದು ಕಡೆ ಫ್ರೀಯಾಗಿ ತಿರುಗಬೇಕು. ಎರಡೂ ಕಡೆ ಹಿಡಿದ್ರೆ ಒಳಗೆ ಜಾಮ್ ಆಗಿದೆ. ಎರಡೂ ಕಡೆ ಫ್ರೀ ಇದ್ರೆ ಬ್ಯಾಟರಿನೂ ಚಾರ್ಜ್ ಆಗಲ್ಲ. (ನಿಮ್ಮ ಗಾಡಿಲಿ ಮಾಮೂಲಿ ಗಟ್ಟಿ ಪುಲ್ಲಿ ಇದ್ರೆ ಈ ಟೆಸ್ಟ್ ಅನ್ವಯಿಸಲ್ಲ, ಕ್ಲಚ್ ಪುಲ್ಲಿಗೆ ಸಾಮಾನ್ಯವಾಗಿ ಮುಂದ್ಗಡೆ ಪ್ಲಾಸ್ಟಿಕ್ ಕ್ಯಾಪ್ ಇರುತ್ತೆ.)

ಕ್ರ್ಯಾಂಕ್ ಪುಲ್ಲಿಗೆ ನನ್ನ ಉಪಾಯ ಏನಂದ್ರೆ, ಒಳಗಿನ ಹಬ್ಬಿಂದ ಹೊರಗಿನ ರಿಂಗ್ ತನಕ ವೈಟ್ನರಲ್ಲಿ ಒಂದು ನೇರ ಗೆರೆ ಎಳೆದು ಗಾಡಿ ಕಳಿಸೋದು. ಮುಂದಿನ ಸಲ ಬಂದಾಗ ಗೆರೆ ಮಧ್ಯದಲ್ಲಿ ಕಡಿದು ಪಕ್ಕಕ್ಕೆ ಸರಿದಿದ್ರೆ ರಬ್ಬರ್ ಬಿಟ್ಕೊಂಡಿದೆ ಅಂತ ಅರ್ಥ, ವಾದನೇ ಬೇಡ.

ಇನ್ನು ನೀರಿನ ಟೆಸ್ಟ್. ಸ್ಪ್ರೇ ಬಾಟಲಲ್ಲಿ ಬರೀ ನೀರು, ಬೆಲ್ಟಿನ ಉದ್ದಕ್ಕೂ ಗೆರೆ (ರಿಬ್) ಇರೋ ಕಡೆಗೆ, ದೂರದಿಂದ. ಚಿಕ್ ಚಿಕ್ ಅನ್ನೋ ಸೌಂಡು ನಿಂತು ಸ್ವಲ್ಪ ಹೊತ್ತಿಗೆ ವಾಪಸ್ ಬಂದ್ರೆ ಯಾವ್ದೋ ಪುಲ್ಲಿ ಲೈನಲ್ಲಿಲ್ಲ, ಇಲ್ಲಾ ಬೆಲ್ಟ್ ಒಂದು ಗೆರೆ ಪಕ್ಕಕ್ಕೆ ಕೂತಿದೆ. ಕುಂಯ್ ಇನ್ನೂ ಜೋರಾದ್ರೆ ಲೂಸ್, ಜಾರ್ತಿದೆ. ಏನೂ ಬದಲಾಗ್ದೆ ಗುರ್ ಅಂತಲೇ ಇದ್ರೆ ಬೇರಿಂಗು, ಐಡ್ಲರ್ (ಬೆಲ್ಟಿಗೆ ದಾರಿ ತೋರ್ಸೋ ಖಾಲಿ ಪುಲ್ಲಿ) ಇರಬಹುದು, ವಾಟರ್ ಪಂಪ್ ಇರಬಹುದು, ಎಸಿ ಕಂಪ್ರೆಸರ್ ಪುಲ್ಲಿನೂ ಇರಬಹುದು, ಎಸಿ ಆಫ್ ಇದ್ರೂ ಆ ಪುಲ್ಲಿ ತಿರುಗ್ತಾನೇ ಇರುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕಿರುಚೋದ್ಯಾಕೆ ಅಂದ್ರೆ ಸ್ಟಾರ್ಟರೂ, ತಣ್ಣಗಿರೋ ಡೀಸೆಲ್ ಇಂಜಿನ್ ಸ್ಟಾರ್ಟ್ ಆಗೋಕೆ ಬಿಸಿ ಕೊಡೋ ಗ್ಲೋ ಪ್ಲಗ್ಗೂ ತಿಂದಿರೋ ಕರೆಂಟನ್ನ ಆಲ್ಟರ್ನೇಟರ್ ವಾಪಸ್ ತುಂಬ್ತಿರುತ್ತೆ, ಆಗ ಲೋಡ್ ಜಾಸ್ತಿ, ಬೆಲ್ಟ್ ತೇವ ಬೇರೆ.

ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಇಂಜಿನ್ ಓಡಿಸಿದ್ರೆ ಸೌಂಡು ಬೆಲ್ಟ್ ಕಡೆದಾ ಇಂಜಿನ್ ಒಳಗಿಂದಾ ಗೊತ್ತಾಗುತ್ತೆ. ಜಾಸ್ತಿ ಹೊತ್ತು ಬೇಡ, ಸುಮಾರು ಗಾಡಿಗಳಲ್ಲಿ ವಾಟರ್ ಪಂಪ್ ಇದೇ ಬೆಲ್ಟಲ್ಲಿ ಓಡೋದು. ಬೆಲ್ಟ್ ಇಲ್ದೆ ಗಾಡಿ ಅಲ್ಲಾಡ್ಸೋದಂತೂ ಬೇಡವೇ ಬೇಡ.

ಹೊಸ ಬೆಲ್ಟ್ ಬೇಕೇ ಬೇಕು ಅನ್ನೋ ಸಂದರ್ಭನೂ ಇದೆ. ಈಗಿನ ಬೆಲ್ಟಿನ ಇಪಿಡಿಎಂ ಅನ್ನೋ ಸಿಂಥೆಟಿಕ್ ರಬ್ಬರ್ ಹಳೇ ಬೆಲ್ಟ್ ತರ ಬಿರುಕು ಬಿಡಲ್ಲ, ಸದ್ದಿಲ್ದೆ ಸವೆಯುತ್ತೆ. ಬಿರುಕಿಲ್ಲ ಅಂತ ಚೆನ್ನಾಗಿದೆ ಅನ್ಕೋಬೇಡಿ, ಗೆರೆಗಳ ಆಳ ನೋಡಿ. ಫಿಲ್ಟರ್ ಕಡೆಯಿಂದ ಡೀಸೆಲ್ ಸೋರಿ ಬೆಲ್ಟ್ ಊದ್ಕೊಂಡಿದ್ರೆ ಮೊದ್ಲು ಲೀಕ್ ನಿಲ್ಸಿ, ಆಮೇಲೆ ಬೆಲ್ಟ್. ಅಂಗಡಿಲಿ ತಗೊಳೋವಾಗ ನಂಬರ್ ಓದಿ, 6ಪಿಕೆ ಅಂದ್ರೆ ಆರು ಗೆರೆ, ಮುಂದಿನ ಅಂಕಿ ಮಿಲಿಮೀಟರಲ್ಲಿ ಉದ್ದ. "ಹತ್ತು ಮಿಲಿಮೀಟರ್ ಉದ್ದ ಇದ್ರೆ ಏನಾಗುತ್ತೆ ಸಾರ್" ಅಂತ ಕೊಡೋರಿದ್ದಾರೆ, ಆಮೇಲೆ ಟೆನ್ಷನರ್ ಕೊನೆ ತನಕ ಹೋಗಿ ಕೂತಿರುತ್ತೆ, ಬಿಗಿ ಎಲ್ಲಿಂದ ಬರಬೇಕು?

ಸೋಪು, ಪೌಡರು, ಕೊಬ್ಬರಿ ಎಣ್ಣೆ ಉಜ್ಜಿ ಬಂದ್ರೆ ಬೈಸ್ಕೋತೀರ. ಧೂಳೆಲ್ಲಾ ಅಂಟ್ಕೊಂಡು ಒಂದು ಬೆಲ್ಟಲ್ಲಿ ಮುಗಿಯೋ ಖರ್ಚು ಪುಲ್ಲಿಗಳ ತನಕ ಹೋಗುತ್ತೆ.

ದಾರೀಲಿ ಸೌಂಡ್ ಜೊತೆಗೆ ಬ್ಯಾಟರಿ ಲೈಟ್ ಹತ್ತಿದ್ರೆ, ಇಲ್ಲಾ ಟೆಂಪರೇಚರ್ ಮುಳ್ಳು ಮೇಲೆ ಹೋದ್ರೆ, ಪಕ್ಕಕ್ಕೆ ಹಾಕಿ ಆಫ್ ಮಾಡಿ. ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಪೆಡಲ್ ಹಗುರ ಮಾಡೋ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಹಿಂದೆನೇ ಕೂತಿರುತ್ತೆ, ಬೆಲ್ಟ್ ಕಿತ್ರೆ ಎರಡ್ಮೂರು ಸಲ ಒತ್ತೋ ಅಷ್ಟ್ರಲ್ಲಿ ಪೆಡಲ್ ಕಲ್ಲಾಗುತ್ತೆ, ಘಾಟಿ ಇಳೀತಿದ್ರೆ ಮುಂದಿನ ಊರಲ್ಲಿ ತೋರಿಸೋಣ ಅನ್ನೋ ಯೋಚನೆನೇ ಬೇಡ.