ಸಿಸೇರಿಯನ್ ವೇಳೆ ನಾಡಿ 48ಕ್ಕೆ ಇಳಿದರೆ: ಅರಿವಳಿಕೆ ವಿದ್ಯಾರ್ಥಿಗಳಿಗೆ ಟಿಪ್ಪಣಿ

ಸ್ಪೈನಲ್ ಅರಿವಳಿಕೆಯ (ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಮದ್ದು ಚುಚ್ಚಿ ಮರಗಟ್ಟಿಸುವುದು) ನಂತರ ರಕ್ತದೊತ್ತಡ ಇಳಿಯುವ ವಿಷಯ ಎಲ್ಲರೂ ಓದಿರುವುದೇ ಆದ್ದರಿಂದ ಅದನ್ನು ಬಿಟ್ಟು, ತೊಡಕೆನಿಸುವ ನಾಡಿಬಡಿತದ ಇಳಿಕೆಯನ್ನಷ್ಟೇ ಇಲ್ಲಿ ಬಿಡಿಸಿಕೊಳ್ಳುತ್ತೇನೆ. ಮಾನಿಟರ್ ಮೇಲೆ ಕಾಣುವ ಸಂಖ್ಯೆ ಒಂದೇ ಆದರೂ ಅದರ ಹಿಂದೆ ಎರಡು ಬೇರೆ ಕಾರಣಗಳಿರಬಹುದು. ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ಅಪಾಯವಾಗಬಹುದು.

ಮೊದಲನೆಯದು ಅರಿವಳಿಕೆಯಿಂದಲೇ ಬರುವಂಥದ್ದು. ಶಸ್ತ್ರಚಿಕಿತ್ಸೆಗೆ ಮರಗಟ್ಟುವಿಕೆಯು ಟಿ4 (ಬೆನ್ನುಹುರಿಯಿಂದ ಹೊರಡುವ ಎದೆಭಾಗದ ನಾಲ್ಕನೇ ನರ), ಅಂದರೆ ಮೊಲೆತೊಟ್ಟಿನ ಮಟ್ಟಕ್ಕೆ ಏರಬೇಕು. ಹೃದಯದ ವೇಗ ಹೆಚ್ಚಿಸುವ ಸಿಂಪಥೆಟಿಕ್ ನರತಂತುಗಳು ಹೊರಡುವುದೂ ಟಿ1ರಿಂದ ಟಿ4ರ ನಡುವೆಯೇ, ಮತ್ತು ಸಿಂಪಥೆಟಿಕ್ ತಡೆ ಮರಗಟ್ಟುವಿಕೆಗಿಂತಲೂ ಮೇಲಕ್ಕೆ ಹೋಗಬಲ್ಲದು. ಇದರ ಜೊತೆಗೆ ರಕ್ತನಾಳಗಳು ಹಿಗ್ಗಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುವುದರಿಂದ ಹೃದಯವನ್ನು ನಿಧಾನಗೊಳಿಸುವ ವೇಗಸ್ ನರ ಮೇಲುಗೈ ಸಾಧಿಸುತ್ತದೆ. ಆಗ ನಾಡಿಯೂ ಒತ್ತಡವೂ ಒಟ್ಟಿಗೆ ಕುಸಿಯುತ್ತವೆ.

ಎರಡನೆಯದು ಒತ್ತಡ ಇಳಿಯದಿರಲೆಂದು ನಾವೇ ಕೊಟ್ಟ ಫಿನೈಲೆಫ್ರಿನ್‌ನಿಂದ ಬರುತ್ತದೆ. ಅದು ರಕ್ತನಾಳಗಳನ್ನು ಬಿಗಿಯಾಗಿಸಿ ಒತ್ತಡವನ್ನು ಏರಿಸುತ್ತದೆ. ಕೆರೋಟಿಡ್ ಧಮನಿಯಲ್ಲಿರುವ ಒತ್ತಡಗ್ರಾಹಕಗಳು ಅದನ್ನು ಗುರುತಿಸಿ, ವೇಗಸ್ ನರದ ಮೂಲಕ ಹೃದಯವನ್ನು ನಿಧಾನಗೊಳಿಸುತ್ತವೆ. ಇಲ್ಲಿ ನಾಡಿ ಇಳಿದಿದ್ದರೂ ಒತ್ತಡ ಇಳಿದಿರುವುದಿಲ್ಲ.

ನಾಡಿ 48, ಒತ್ತಡ 142/86 ಎಂದುಕೊಳ್ಳಿ. ಫಿನೈಲೆಫ್ರಿನ್ ಪಂಪನ್ನು ನಿಲ್ಲಿಸಿ ಕಾಯ್ದರೆ ನಾಡಿ ಸಾಮಾನ್ಯವಾಗಿ ತಾನೇ ಏರುತ್ತದೆ. ಗಾಬರಿಯಲ್ಲಿ, ವೇಗಸ್ ನರದ ಪರಿಣಾಮವನ್ನು ತಡೆಯುವ ಅಟ್ರೋಪಿನ್ ಹಾಕಿದರೆ ವೇಗಸ್‌ನ ಹಿಡಿತ ತಪ್ಪಿ, ಬಿಗಿದ ರಕ್ತನಾಳಗಳ ಎದುರು ಹೃದಯ ಓಡತೊಡಗಿ, ಒತ್ತಡ ವಿಪರೀತ ಏರಬಹುದು. ಅದೇ 48ರ ಜೊತೆಗೆ 74/38 ಇದ್ದರೆ ಕಾಯುವ ಮಾತೇ ಇಲ್ಲ: ಗರ್ಭಕೋಶವನ್ನು ಎಡಕ್ಕೆ ಸರಿಸಿ, ದ್ರವ ಹರಿಸಿ, ನಾಡಿಯನ್ನೂ ಏರಿಸುವ ಎಫೆಡ್ರಿನ್ ಕೊಡಬೇಕು; ಕುಸಿತ ಮುಂದುವರಿದರೆ ಅಟ್ರೋಪಿನ್, ಅದಕ್ಕೂ ಬಗ್ಗದಿದ್ದರೆ ಅಡ್ರಿನಲಿನ್. ಬಾಣಂತಿಯಾಗಲಿರುವಾಕೆ ಕೈಬೆರಳು ಜುಮ್ಮೆನ್ನುತ್ತಿದೆ, ಉಸಿರು ಸಾಲುತ್ತಿಲ್ಲ ಎಂದರೆ ತಡೆ ಕುತ್ತಿಗೆಯ ಮಟ್ಟಕ್ಕೆ ಏರುತ್ತಿದೆಯೆಂದು ಎಚ್ಚರಗೊಳ್ಳಬೇಕು.

ತೊಂದರೆಯೆಂದರೆ, ನಾಡಿ ಕ್ಷಣಕ್ಷಣಕ್ಕೂ ಕಾಣುತ್ತದೆ, ತೋಳಿನ ಕಫ್ ಮಾತ್ರ ಹಳೆಯ ಒತ್ತಡವನ್ನೇ ತೋರಿಸುತ್ತಿರುತ್ತದೆ. ಆದ್ದರಿಂದ ಮಗು ಹೊರಬರುವವರೆಗೆ ಕಫ್ ಅನ್ನು ನಿಮಿಷಕ್ಕೊಮ್ಮೆ ಅಳೆಯುವಂತೆ ಇಟ್ಟುಕೊಂಡು, ನಾಡಿ ಇಳಿದೊಡನೆ ಅದರ ಗುಂಡಿ ಒತ್ತುವುದು ನನಗೆ ಅತ್ಯಂತ ಉಪಯುಕ್ತವೆನಿಸಿದ ಅಭ್ಯಾಸ. 2018ರ ಅಂತರರಾಷ್ಟ್ರೀಯ ಒಮ್ಮತದ ಪ್ರಕಾರ ಸಿಸ್ಟೋಲಿಕ್ ಒತ್ತಡವನ್ನು (ಮೇಲಿನ ಅಂಕಿ) ಅರಿವಳಿಕೆಗೆ ಮೊದಲಿದ್ದ ಮೂಲಮಟ್ಟದ ಶೇ. 90ರಷ್ಟಾದರೂ ಉಳಿಸಿಕೊಳ್ಳುವುದು ಗುರಿ.

ಮಗು ಹೊರಬಂದ ಮೇಲೆ ಚಿತ್ರ ತಿರುವುಮುರುವಾಗುತ್ತದೆ. ಗರ್ಭಕೋಶವನ್ನು ಬಿಗಿಗೊಳಿಸಲು ಕೊಡುವ ಆಕ್ಸಿಟೋಸಿನ್ ಅನ್ನು ಒಮ್ಮೆಲೇ ತಳ್ಳಿದರೆ ಒತ್ತಡ ಇಳಿದು ನಾಡಿ ಓಡುತ್ತದೆ. ಅದನ್ನು ನಿಧಾನವಾಗಿಯೇ ಕೊಡಬೇಕು. ಅದೂ ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಕೂಡ ಇಸಿಜಿಯ ಕ್ಯೂಟಿ ಅವಧಿಯನ್ನು (ಪ್ರತಿ ಬಡಿತದಲ್ಲಿ ಹೃದಯದ ವಿದ್ಯುತ್ ಚಟುವಟಿಕೆ ಮುಗಿದು ಮೊದಲಿನ ಸ್ಥಿತಿಗೆ ಮರಳುವ ಸಮಯ) ಉದ್ದಗೊಳಿಸಬಲ್ಲವಾದ್ದರಿಂದ, ಕ್ಯೂಟಿ ಮೊದಲೇ ಉದ್ದವಿರುವವರಲ್ಲಿ ಎರಡನ್ನೂ ಯೋಚಿಸಿ ಬಳಸಬೇಕು.