ಪೊಪ್ಪೆಯಾಳ ಹಸ್ತಪ್ರತಿ ಹೇಳದೆ ಬಿಟ್ಟದ್ದು: ಹದಿನೇಳನೆಯ ಶತಮಾನದ ಸಂಗೀತ ಮತ್ತು ‘ಮೂಲ’ದ ತಕರಾರು

ಹಳೆಯ ಯುರೋಪಿಯನ್ ಸಂಗೀತವನ್ನು ಅದರ ಕಾಲದ ವಾದ್ಯಗಳಲ್ಲೇ, ಅದರ ಕಾಲದ ಕ್ರಮದಲ್ಲೇ ನುಡಿಸಬೇಕೇ ಎಂಬ ಚರ್ಚೆಗೆ ನೂರು ವರ್ಷ ದಾಟಿದೆ. ಬಾಖ್‌ನ ಸಂಗೀತದ ಮಟ್ಟಿಗೆ ಅದು ಬಹುತೇಕ ತಣ್ಣಗಾಗಿದೆ. ಹದಿನೇಳನೆಯ ಶತಮಾನದ ಮೊದಲ ಅರ್ಧದ ಬರೋಕ್ ಕೃತಿಗಳ ವಿಷಯದಲ್ಲಿ ಮಾತ್ರ ಅದು ಮತ್ತೆ ಮತ್ತೆ ತಲೆಯೆತ್ತುತ್ತದೆ. ಏಕೆಂದರೆ ಆ ಕೃತಿಗಳಲ್ಲಿ ಕಾಗದಕ್ಕೆ ಇಳಿದಿರುವುದು ಸಂಗೀತದ ಒಂದು ಪಾಲು ಮಾತ್ರ.

ಇಟಲಿಯ ಸಂಗೀತರಚನಕಾರ ಕ್ಲೌಡಿಯೊ ಮಾಂಟೆವರ್ಡಿಯ ಕೊನೆಯ ಒಪೆರಾ ‘ಪೊಪ್ಪೆಯಾಳ ಪಟ್ಟಾಭಿಷೇಕ’ವನ್ನೇ ನೋಡಬಹುದು. ರೋಮನ್ ಚಕ್ರವರ್ತಿ ನೀರೋ ತನ್ನ ಪ್ರೇಯಸಿ ಪೊಪ್ಪೆಯಾಳನ್ನು ರಾಣಿಯಾಗಿಸುವ ಕತೆ ಅದು. 1643ರಲ್ಲಿ ವೆನಿಸ್‌ನ ರಂಗಮಂದಿರವೊಂದರಲ್ಲಿ ಪ್ರದರ್ಶನಗೊಂಡ ಈ ಕೃತಿಯ ಕರ್ತೃವಿನ ಸ್ವಹಸ್ತದ ಪ್ರತಿ ಉಳಿದಿಲ್ಲ. ಅವನು ತೀರಿಕೊಂಡ ಮೇಲೆ ಸಿದ್ಧವಾದ ಎರಡು ಹಸ್ತಪ್ರತಿಗಳು, ಒಂದು ವೆನಿಸ್‌ನಲ್ಲಿ, ಇನ್ನೊಂದು ನೇಪಲ್ಸ್‌ನಲ್ಲಿ, ಇವೆ. ಎರಡೂ ಒಂದಕ್ಕೊಂದು ಪೂರ್ತಿ ತಾಳೆಯಾಗುವುದಿಲ್ಲ. ಹೆಚ್ಚಿನ ಪುಟಗಳಲ್ಲಿ ಇರುವುದು ಎರಡೇ ಸಾಲು: ಮೇಲೆ ಸಾಹಿತ್ಯದೊಡನೆ ಗಾಯಕರ ಸ್ವರ, ಕೆಳಗೆ ಮಂದ್ರದ ಒಂದು ಸ್ವರಸಾಲು. ಹಾಡುಗಳ ನಡುವೆ ಬರುವ ವಾದ್ಯಖಂಡಗಳು ವೆನಿಸ್ ಪ್ರತಿಯಲ್ಲಿ ಮೂರು ಸಾಲಿನಲ್ಲಿದ್ದರೆ ನೇಪಲ್ಸ್ ಪ್ರತಿಯಲ್ಲಿ ನಾಲ್ಕು ಸಾಲಿನಲ್ಲಿವೆ. ಅವನ್ನು ಯಾವ ವಾದ್ಯ ನುಡಿಸಬೇಕೆಂದು ಎರಡೂ ಹೇಳುವುದಿಲ್ಲ. ಇದೇ ಮಾಂಟೆವರ್ಡಿ 1607ರಲ್ಲಿ ಮಾಂಟುವಾದ ಆಸ್ಥಾನಕ್ಕಾಗಿ ರಚಿಸಿದ ‘ಓರ್ಫೆಯೊ’ 1609ರಲ್ಲಿ ಅಚ್ಚಾದಾಗ ವಾದ್ಯಗಳ ಉದ್ದನೆಯ ಪಟ್ಟಿಯೇ ಅದರಲ್ಲಿತ್ತು. ಆದರೆ ಅದು ಅರಮನೆಯ ಖರ್ಚಿನ ವೈಭವ; ವೆನಿಸ್‌ನಲ್ಲಿ 1637ರಿಂದ ಒಪೆರಾ ನಡೆಯುತ್ತಿದ್ದದ್ದು ಟಿಕೆಟ್ಟಿನ ಹಣದಿಂದ.

ಆ ಮಂದ್ರದ ಸಾಲನ್ನು ನೋಡಿಕೊಂಡು ಕೀಲಿಮಣೆಯ ತಂತಿವಾದ್ಯವಾದ ಹಾರ್ಪ್ಸಿಕಾರ್ಡ್‌ನ ವಾದಕರೂ, ಉದ್ದ ಕತ್ತಿನ ಥಿಯೋರ್ಬೊ ಮೀಟುವವರೂ ಉಳಿದ ಸ್ವರಗಳನ್ನು ಸ್ಥಳದಲ್ಲೇ ಕೂಡಿಸಿಕೊಳ್ಳುತ್ತಿದ್ದರು. ನಮ್ಮ ಕೀರ್ತನೆಗಳ ಸ್ವರಲಿಪಿಯಲ್ಲಿ ಗಮಕವನ್ನು ಪೂರ್ತಿ ಬರೆದಿರುವುದಿಲ್ಲ. ಪಾಠದಿಂದ ಬಂದದ್ದನ್ನು ಹಾಡುವವರು ತುಂಬಿಕೊಳ್ಳುತ್ತಾರೆ. ನಮ್ಮಲ್ಲಿ ಪಾಠ ಹೇಳುವವರು ಇನ್ನೂ ಇದ್ದಾರೆ. ಅಲ್ಲಿ ಆ ಎಳೆ ಕಡಿದುಹೋಗಿ, ಅದನ್ನು ಹಳೆಯ ಗ್ರಂಥಗಳಿಂದ ಮತ್ತೆ ಕಟ್ಟಿಕೊಳ್ಳಬೇಕಾಯಿತು.

ಇಂಗ್ಲೆಂಡಿನಲ್ಲಿ ಹಳೆಯ ವಾದ್ಯಗಳನ್ನು ಮತ್ತೆ ತಯಾರಿಸಿದ ಆರ್ನಾಲ್ಡ್ ಡೊಲ್ಮೆಚ್‌ನಿಂದ 1933ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆರಂಭವಾದ ಸ್ಕೋಲಾ ಕಾಂಟೋರುಮ್ ಶಾಲೆಯವರೆಗೆ ಈ ಕೆಲಸ ಸಣ್ಣ ವಲಯದಲ್ಲೇ ಬೆಳೆಯಿತು.

ಚಿತ್ರ ಬದಲಾದದ್ದು ವಿಯೆನ್ನಾದಲ್ಲಿ. ಅಲ್ಲಿನ ಸಿಂಫನಿ ವಾದ್ಯವೃಂದದಲ್ಲಿ ಚೆಲ್ಲೊ ನುಡಿಸುತ್ತಿದ್ದ ನಿಕೊಲಾಸ್ ಹಾರ್ನೊನ್‌ಕೂರ್ 1953ರಲ್ಲಿ, ಪತ್ನಿ ಆಲಿಸ್ ಮತ್ತು ಕೆಲವು ಸಹವಾದಕರೊಡನೆ, ‘ಕಾನ್ಸೆಂಟುಸ್ ಮುಸಿಕುಸ್’ ಎಂಬ ಮೇಳ ಕಟ್ಟಿದರು. ಮರುವರ್ಷವೇ ಸಂಗೀತಗಾರ ಪೌಲ್ ಹಿಂಡೆಮಿತ್ ಅದೇ ನಗರದಲ್ಲಿ ‘ಓರ್ಫೆಯೊ’ವನ್ನು ಹಳೆಯ ವಾದ್ಯಗಳೊಡನೆ ನಡೆಸಿದಾಗ ಇವರೂ ಅದರಲ್ಲಿ ನುಡಿಸಿದರು. ಮೇಳ ತನ್ನದೇ ಸಾರ್ವಜನಿಕ ಕಛೇರಿ ಕೊಟ್ಟದ್ದು 1957ರಲ್ಲಿ. ಹೊಟ್ಟೆಪಾಡಿಗೆ ಬೇರೆ ಕೆಲಸವಿದ್ದ ಜನ ಇಷ್ಟು ವರ್ಷ ತಾಲೀಮಿನಲ್ಲೇ ಕಳೆದದ್ದು ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಗೌರವದ ಸಂಗತಿಯಾಗಿ ಕಾಣುತ್ತದೆ. ಕುರಿಯ ಕರುಳಿನಿಂದ ಮಾಡಿದ ತಂತಿ ಹವೆಯ ತೇವಕ್ಕೆ ಶ್ರುತಿ ತಪ್ಪುತ್ತದೆ; ಗಿಡ್ಡನೆಯ, ಹೊರಕ್ಕೆ ಬಾಗಿದ ಹಗುರ ಕಮಾನಿನಲ್ಲಿ ಸ್ವರವನ್ನು ಒಂದೇ ಬಲದಲ್ಲಿ ಎಳೆಯುವುದು ಕಷ್ಟ, ಅದು ಉಬ್ಬಿ ಇಳಿಯುತ್ತದೆ. ಈ ಉಬ್ಬಿಳಿತವೇ ಮಾತಿನ ಏರಿಳಿತಕ್ಕೆ ಹತ್ತಿರವಿದೆಯೆಂಬುದನ್ನು ಅವರು ನುಡಿಸುತ್ತ ನುಡಿಸುತ್ತ ಕಂಡುಕೊಂಡರು.

ಪೊಪ್ಪೆಯಾಳ ಹಾದಿಯಾದರೋ ಕವಲೊಡೆಯಿತು. 1962ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್‌ನಲ್ಲಿ ತುಂಬು ತಂತಿವಾದ್ಯಗಳೊಡನೆ, ಕೃತಿಯನ್ನು ಬಹಳ ಮೊಟಕುಗೊಳಿಸಿ, ಎತ್ತರದ ಕಂಠಕ್ಕೆ ಬರೆದ ನೀರೋನ ಪಾತ್ರವನ್ನು ಗಂಡಸಿನ ಟೆನರ್ ಕಂಠಕ್ಕೆ ಇಳಿಸಿ ಮಾಡಿದ ರೂಪ ದೊಡ್ಡ ಒಪೆರಾ ಮನೆಗಳಿಗೆ ಈ ಕೃತಿಯನ್ನು ಪರಿಚಯಿಸಿತು. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬೆರಳೆಣಿಕೆಯ ವಾದ್ಯಗಳ ರೂಪ ಬಂತು. 1970ರ ದಶಕದಲ್ಲಿ ವಿಯೆನ್ನಾ ಮೇಳ ಇಡೀ ಕೃತಿಯನ್ನು ಹಳೆಯ ವಾದ್ಯಗಳಲ್ಲೇ ಧ್ವನಿಮುದ್ರಿಸಿತು; ಆದರೆ ಅದರ ವರ್ಣಮಯ ವಾದ್ಯವಿನ್ಯಾಸವನ್ನು ವೆನಿಸ್‌ನ ಟಿಕೆಟ್ ರಂಗಮಂದಿರ ಭರಿಸಲಾರದಾಗಿತ್ತು ಎಂದು ವಿದ್ವಾಂಸರು ಆಕ್ಷೇಪಿಸಿದರು.

ಗೋಜಲು ಹೆಚ್ಚಿದ್ದು ಇದರ ನಂತರ. ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ‘ಅಧಿಕೃತ’, ‘ಮೂಲ ವಾದ್ಯಗಳಲ್ಲಿ’ ಎಂಬ ಮಾತುಗಳು ಬಂದವು. ಪ್ರಯೋಗವಾಗಿ ಶುರುವಾದದ್ದು ಪ್ರಮಾಣಪತ್ರದಂತೆ ಕಾಣತೊಡಗಿತು. 1980ರ ದಶಕದಲ್ಲಿ ಅಮೆರಿಕದ ವಿದ್ವಾಂಸ ರಿಚರ್ಡ್ ತರುಸ್ಕಿನ್, ಹಳೆಯದೆಂದು ಒಪ್ಪಿಸುತ್ತಿರುವ ಶೈಲಿ ಇಪ್ಪತ್ತನೆಯ ಶತಮಾನದ ಅಭಿರುಚಿಯೇ ಎಂದು ವಾದಿಸಿದರು. ಅವರ ಮಾತಿನ ಕಾಠಿಣ್ಯ ಹೆಚ್ಚಾಯಿತೆಂದರೂ ಶ್ರುತಿಯ ವಿಷಯದಲ್ಲಂತೂ ಅದನ್ನು ತಳ್ಳಿಹಾಕುವಂತಿಲ್ಲ. ಇಂದಿನ ಪ್ರಮಾಣ ಶ್ರುತಿ 440 ಹರ್ಟ್ಸ್. ‘ಬರೋಕ್ ಶ್ರುತಿ’ ಎಂದು ಎಲ್ಲೆಡೆ ಬಳಕೆಯಾಗುವುದು 415. ಅದು ಇಂದಿನ ಶ್ರುತಿಗಿಂತ ಸರಿಯಾಗಿ ಅರ್ಧ ಸ್ವರ ಕೆಳಗಿರುವುದರಿಂದ ಹಾರ್ಪ್ಸಿಕಾರ್ಡಿನ ಕೀಲಿಮಣೆಯನ್ನು ಒಂದು ಸ್ಥಾನ ಸರಿಸಿದರೆ ಎರಡಕ್ಕೂ ಒಂದೇ ವಾದ್ಯ ಸಾಕಾಗುತ್ತದೆ. ಆದರೆ ಮಾಂಟೆವರ್ಡಿಯ ಕಾಲದ ವೆನಿಸ್‌ನ ವಾದ್ಯಗಳ ಶ್ರುತಿ 440ಕ್ಕಿಂತಲೂ ಮೇಲೆ, 465ರ ಆಸುಪಾಸಿನಲ್ಲಿತ್ತು.

ಇಂದು ಹೆಚ್ಚಿನ ಮೇಳಗಳು ‘ಅಧಿಕೃತ’ ಎಂಬ ಪದವನ್ನು ಬಿಟ್ಟು ‘ಚರಿತ್ರೆಯ ಅರಿವುಳ್ಳ ಪ್ರಯೋಗ’ ಎನ್ನುತ್ತವೆ. ಸಂಪಾದಿತ ಆವೃತ್ತಿಗಳಲ್ಲಿ ಸಂಪಾದಕರು ಸೇರಿಸಿದ ಸ್ವರಗಳನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಮಾಡುವ ರೂಢಿಯಿದೆ. ಕೇಳುಗರಿಗೂ ಅಷ್ಟೇ ಸ್ಪಷ್ಟವಾಗಿ, ಯಾವುದು ಹಸ್ತಪ್ರತಿಯದು, ಯಾವುದು ಮೇಳದ್ದು ಎಂದು ಕಾರ್ಯಕ್ರಮದ ಹಾಳೆಯಲ್ಲೇ ತಿಳಿಸಿದರೆ ಅರ್ಧ ತಕರಾರು ಕರಗೀತು. ಅರ್ಧವೇ, ಏಕೆಂದರೆ ಹಸ್ತಪ್ರತಿಯಲ್ಲಿ ಇರುವುದೆಲ್ಲ ಮಾಂಟೆವರ್ಡಿಯದೇ ಎಂಬ ಖಾತ್ರಿಯೂ ಇಲ್ಲ. ಒಪೆರಾದ ಕೊನೆಯಲ್ಲಿ ನೀರೋ ಮತ್ತು ಪೊಪ್ಪೆಯಾ ಹಾಡುವ ಪ್ರಸಿದ್ಧ ಯುಗಳಗೀತೆ ಎರಡೂ ಪ್ರತಿಗಳಲ್ಲಿದೆ; ಆದರೆ ಅದರ ಸಾಹಿತ್ಯ ಬೆನೆದೆತ್ತೊ ಫೆರಾರಿ ಎಂಬವನ 1641ರ ಒಪೆರಾ ಪಠ್ಯದಲ್ಲಿ ಆಗಲೇ ಬಂದಿದ್ದು, ಸಂಗೀತವೂ ಬೇರೊಬ್ಬರದೆಂದು ಹಲವು ವಿದ್ವಾಂಸರು ನಂಬುತ್ತಾರೆ. ಇದು ಗೊತ್ತಿದ್ದೂ ಆ ಯುಗಳಗೀತೆಯನ್ನು ಕೈಬಿಡುವ ಮೇಳಗಳು ತೀರ ವಿರಳ.